ನಿಷ್ಠೆ ಮತ್ತು ಕಾಲ: ಚಾಮರಾಜನಗರ ಸೀಮೆಯ ಭಕ್ತರು ಕಾದ ಬಗೆ

ಷಟ್‌ಸ್ಥಲ ಸಿದ್ಧಾಂತವು ಭಕ್ತಸ್ಥಲಕ್ಕೆ ಶ್ರದ್ಧೆಯನ್ನೂ ಮಹೇಶಸ್ಥಲಕ್ಕೆ ನಿಷ್ಠೆಯನ್ನೂ ಹೇಳುತ್ತದೆ. ಆ ಮುಂದಿನವು ಪ್ರಸಾದಿಯ ಅವಧಾನ, ಪ್ರಾಣಲಿಂಗಿಯ ಅನುಭಾವ, ಶರಣನ ಆನಂದ, ಐಕ್ಯನ ಸಮರಸ. ಈ ಆರರಲ್ಲಿ ಸಂಸಾರಿಗಳಾದ ನಮ್ಮನ್ನು ಹೆಚ್ಚು ಕಾಡುವುದು ಎರಡನೆಯದಾದ ನಿಷ್ಠೆ. ಶ್ರದ್ಧೆಯು ಒಳ್ಳೆಯ ದಿನಗಳಲ್ಲಿಯೂ ಹುಟ್ಟಬಲ್ಲದು. ಮನೆಯಲ್ಲಿ ಮಗು ಹುಟ್ಟಿದಾಗ, ಕಣಜ ತುಂಬಿದಾಗ ಯಾರ ಕೈ ತಾನೆ ಹಣೆಯ ವಿಭೂತಿಯತ್ತ ಹೋಗುವುದಿಲ್ಲ? ನಿಷ್ಠೆಯು ಬೇಡಿದ್ದು ಬಾರದ ದಿನಗಳ ಗುಣ. ಎಲ್ಲ ಬಾಗಿಲುಗಳೂ ಮುಚ್ಚಿದಂತೆ ತೋರುವಾಗಲೂ ಇಷ್ಟಲಿಂಗವನ್ನು ಬಿಟ್ಟು ಬೇರೆಡೆ ಮೊರೆಹೋಗದೆ, ಪರಧನಕ್ಕೆ ಕೈಚಾಚದೆ, ತನ್ನ ನಡೆಯನ್ನು ಕೆಡಿಸಿಕೊಳ್ಳದೆ ನಿಲ್ಲುವವನೇ ಮಹೇಶ.

ಇಲ್ಲಿ ಕಾಲದ ಪ್ರಶ್ನೆ ಏಳುತ್ತದೆ. ಕಷ್ಟದಲ್ಲಿರುವವರು ಮಠಕ್ಕೆ ಬಂದು ಕೇಳುವುದು ಬಹುತೇಕ ಒಂದೇ ಮಾತು: ಇದು ಎಂದಿಗೆ ಮುಗಿಯುತ್ತದೆ? ಅದೇ ಪ್ರಶ್ನೆಯನ್ನು ಹಿಡಿದು ಅನೇಕರು ಪಂಚಾಂಗದ ಬಳಿಗೂ ಜಾತಕದ ಬಳಿಗೂ ಹೋಗುತ್ತಾರೆ. ಬಸವಾದಿ ಶರಣರು ಗಳಿಗೆ, ಲಗ್ನ, ತಾರಾಬಲಗಳ ಲೆಕ್ಕವನ್ನು ತಳ್ಳಿಹಾಕಿದವರು. ಶಿವನಿಗೆ ಒಪ್ಪದ ಹೊತ್ತೆಂಬುದು ಇಲ್ಲವೆಂದಮೇಲೆ ಒಳ್ಳೆಯ ಗಳಿಗೆ, ಕೆಟ್ಟ ಗಳಿಗೆಯೆಂಬ ವಿಂಗಡಣೆಗೆ ನೆಲೆಯೆಲ್ಲಿ? ಆದುದರಿಂದ ಶಿವನ ಕಾಲವನ್ನು ನಂಬುವುದೆಂದರೆ ಆತನ ಮನಸ್ಸಿನಲ್ಲಿರುವ ತಾರೀಖನ್ನು ಯಾರಿಂದಲೋ ಕೇಳಿ ತಿಳಿಯುವುದಲ್ಲ. ಆ ತಾರೀಖು ತಿಳಿಯದೆಯೇ ಇಂದಿನ ಕಾಯಕವನ್ನು ಇಂದೇ ಮಾಡುವುದು.

ಗುಂಡ್ಲುಪೇಟೆಯ ರೈತರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಆ ತಾಲ್ಲೂಕಿನಲ್ಲಿ ಮುಂಗಾರಿಗೆ ಮುಂಚೆ, ಏಪ್ರಿಲ್–ಮೇ ತಿಂಗಳುಗಳಲ್ಲಿ ಬೀಳುವ ಮಳೆಗೆ ಕಾದು ಸೂರ್ಯಕಾಂತಿಯನ್ನೂ ಹತ್ತಿಯನ್ನೂ ಬಿತ್ತುತ್ತಾರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆಯೆಂಬ ಗಾದೆ ಹುಟ್ಟಿದ್ದು ಇಂತಹ ಹೊಲಗಳಲ್ಲಿಯೇ. ಮಳೆಯನ್ನು ತರುವುದು ರೈತನ ಕೈಯಲ್ಲಿಲ್ಲ. ಮಳೆ ಬಿದ್ದ ದಿನ ಹೊಲ ಉತ್ತು ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ಅವನ ಕೈಯಲ್ಲಿದೆ. ಉಳದೆ ಕುಳಿತವನ ಹೊಲಕ್ಕೂ ಮಳೆ ಬೀಳುತ್ತದೆ, ಆದರೆ ಅಲ್ಲಿ ಮೊಳೆಯುವುದು ಕಳೆ.

ಈ ಸೀಮೆಯಲ್ಲಿ ಅಸಾಧ್ಯವೆನ್ನಿಸುವ ಸ್ಥಿತಿಯ ಮಾತು ಬಂದರೆ ಮೊದಲು ನೆನಪಾಗುವವಳು ಸಂಕಮ್ಮ. ಮಲೆ ಮಹದೇಶ್ವರರ ಮಹಾಕಾವ್ಯವನ್ನು ದೇವರಗುಡ್ಡರು, ಕಂಸಾಳೆಯವರು ತಲೆತಲಾಂತರದಿಂದ ಹಾಡುತ್ತ ಬಂದಿದ್ದಾರೆ. ಆ ಕಾವ್ಯದ ಸಾಲುಗಳಲ್ಲಿ ಸಂಕಮ್ಮನ ಸಾಲು ಒಂದು. ಸುತ್ತೂರು ಮಠದಲ್ಲಿ ರಾಗಿ ಬೀಸುವ ಕಾಯಕ ಮಾಡಿದರೆಂದು ಪರಂಪರೆ ನೆನೆಯುವ ಆ ಮಾದಪ್ಪನವರೇ ಈ ಕಥೆಯಲ್ಲಿ ಕಾಡಿನೊಳಗಿನ ಒಬ್ಬಂಟಿ ಹೆಣ್ಣಿನ ಬಳಿಗೆ ನಡೆದು ಬರುತ್ತಾರೆ.

ಹಾಡುವವರಿಂದ ಹಾಡುವವರಿಗೆ ವಿವರಗಳು ಬದಲಾಗುತ್ತವೆ. ಕಥೆಯ ನಡು ಮಾತ್ರ ಒಂದೇ. ಸಂಕಮ್ಮನ ಗಂಡ ನೀಲೇಗೌಡ ಸೋಲಿಗ. ಜೇನು ತರಲು ಮಲೆಗೆ ಹೊರಟವನಿಗೆ ಹೆಂಡತಿಯ ಮೇಲೆ ಸಂಶಯ. ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಕೈಮೇಲೆ ಕೈಯಿಟ್ಟು ಭಾಷೆ ಕೊಡೆನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡದ ತಾನು ಆಣೆಯಿಟ್ಟು ಅದನ್ನು ಸಾಬೀತು ಮಾಡಬೇಕೇಕೆಂಬುದು ಅವಳ ನಿಲುವು. ಅವನು ಹಿಂಸಿಸುತ್ತಾನೆ, ಕೊನೆಗೆ ಕಾಡಿನ ಗುಡಿಸಲೊಂದರಲ್ಲಿ ಅವಳನ್ನು ಕೂಡಿಹಾಕಿ, ಹೊರಬರುವ ದಾರಿಯಿಲ್ಲದಂತೆ ಮಾಡಿ ಹೊರಟುಹೋಗುತ್ತಾನೆ. ಮಕ್ಕಳಿಲ್ಲ, ನೆರೆಯವರಿಲ್ಲ, ಕೂಗಿದರೆ ಕೇಳುವವರಿಲ್ಲ. ಅಲ್ಲಿಂದ ಅವಳು ಮಾದಪ್ಪನನ್ನು ಕರೆಯುತ್ತಾಳೆ. ಮಾದಪ್ಪ ಜಂಗಮನಾಗಿ ಬಂದು ಅವಳನ್ನು ಬಿಡಿಸುತ್ತಾರೆ. ಕಾರಯ್ಯ, ಬಿಲ್ಲಯ್ಯರೆಂಬ ಇಬ್ಬರು ಮಕ್ಕಳ ಫಲವನ್ನು ಕೊಡುತ್ತಾರೆ. ಮರಳಿ ಬಂದ ಗಂಡ ಆಗಲೂ ನಂಬುವುದಿಲ್ಲ. ಕಠಿಣ ಪರೀಕ್ಷೆಗಳನ್ನು ಒಡ್ಡುತ್ತಾನೆ, ಸಂಕಮ್ಮ ಅವನ್ನೂ ದಾಟುತ್ತಾಳೆ.

ಈ ಕಥೆಯನ್ನು ಮಕ್ಕಳ ಭಾಗ್ಯದ ಕಥೆಯೆಂದಷ್ಟೇ ಕೇಳುವವರು ಬಹಳ. ಆದರೆ ಅದರಲ್ಲಿ ನಂಬುಗೆಯ ಎರಡು ಬಗೆಗಳು ಎದುರುಬದುರಾಗಿ ನಿಂತಿರುವುದನ್ನು ಗಮನಿಸಬೇಕೆಂದು ನಮಗೆ ತೋರುತ್ತದೆ. ನೀಲೇಗೌಡನದು ಮುಂದಿನ ದಿನಗಳನ್ನು ಇಂದೇ ಕಟ್ಟಿಹಾಕುವ ಹಟ. ಭಾಷೆ ಸಿಕ್ಕರೆ ಮಾತ್ರ ನೆಮ್ಮದಿ, ಸಿಗದಿದ್ದರೆ ಸಂಶಯ. ಸಂಕಮ್ಮ ಭಾಷೆಯನ್ನು ಕೊಡಲೂ ಇಲ್ಲ, ದೇವರಿಂದ ಭಾಷೆಯನ್ನು ಕೇಳಲೂ ಇಲ್ಲ. ಇಂತಹ ದಿನ ಬರುತ್ತೇನೆಂದು ಮಾದಪ್ಪನೂ ಅವಳಿಗೆ ಮೊದಲೇ ಹೇಳಿರಲಿಲ್ಲ. ಕರೆಯುವುದು ಅವಳ ಪಾಲಿನದು, ಬರುವ ಹೊತ್ತು ಅವರ ಪಾಲಿನದು. ದೇವರೊಡನೆ ಒಪ್ಪಂದ ಮಾಡಿಕೊಂಡು, ಇಷ್ಟು ದಿನದಲ್ಲಿ ಇದಾದರೆ ಇಷ್ಟು ಕೊಡುತ್ತೇವೆಂದು ಲೆಕ್ಕ ಬರೆಯುವ ನಮ್ಮ ಎಷ್ಟೋ ಹರಕೆಗಳು ನೀಲೇಗೌಡನ ಕೈಭಾಷೆಗೆ ಹತ್ತಿರವೇ ಹೊರತು ಸಂಕಮ್ಮನ ಮೊರೆಗೆ ಹತ್ತಿರವಲ್ಲ. ಇನ್ನೊಂದು ಮಾತು: ಸಂಕಮ್ಮ ಅನ್ಯಾಯವನ್ನು ದೈವೇಚ್ಛೆಯೆಂದು ಒಪ್ಪಿಕೊಂಡವಳಲ್ಲ. ಮನೆಯಲ್ಲಿ ಹಿಂಸೆಗೆ ಗುರಿಯಾದ ಹೆಣ್ಣುಮಗಳಿಗೆ ತಾಳಿಕೋ, ಕಾಲ ಬರುತ್ತದೆ ಎನ್ನಲು ಅವಳ ಹೆಸರನ್ನು ಬಳಸುವುದು ಕಥೆಗೆ ಬಗೆವ ದ್ರೋಹ.

ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿಯದು ಬೇರೊಂದು ಬಗೆಯ ಕಾಯುವಿಕೆ. ಎಡೆಯೂರು ಕ್ಷೇತ್ರದ ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ್ದು ಈ ಊರಿನಲ್ಲಿ. ಅವರ ಗುರು ಗೋಸಲ ಚನ್ನಬಸವೇಶ್ವರರ ನೆಲೆಯೂ ಇದೇ. ಅಲ್ಲಿಂದ ದೇಶಸಂಚಾರ ಮಾಡುತ್ತ ಕುಣಿಗಲ್ ಸೀಮೆಯ ಕಗ್ಗೆರೆಗೆ ಬಂದು, ನಾಗಿನಿ ನದಿಯ ಬಳಿ ನಂಬಿಯಣ್ಣನೆಂಬ ಭಕ್ತನ ತೋಟದಲ್ಲಿ ತಪಸ್ಸಿಗೆ ಕುಳಿತರು. ತೋಂಟದ ಎಂಬ ವಿಶೇಷಣ ಬಂದದ್ದು ಆ ತೋಟದಿಂದ. ಸುತ್ತ ಹುತ್ತ ಬೆಳೆಯಿತೆಂದೂ ಹಸುವೊಂದು ಬಂದು ಹುತ್ತದ ಮೇಲೆ ಹಾಲು ಕರೆಯುತ್ತಿತ್ತೆಂದೂ ಪುರಾಣ ಹೇಳುತ್ತದೆ. ಹೊರಗಿನಿಂದ ನೋಡಿದವರಿಗೆ ಅಲ್ಲಿದ್ದುದು ಮಣ್ಣಿನ ಗುಡ್ಡೆ ಮಾತ್ರ. ಒಳಗೆ ಏನು ನಡೆಯುತ್ತಿದೆಯೆಂದು ಬಲ್ಲದ್ದು ಒಂದು ಹಸು.

ಆ ಕಾಲವನ್ನು ಸ್ವಲ್ಪ ನೆನೆಯೋಣ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಎದ್ದ ಅನುಭವ ಮಂಟಪವು ಬಿಜ್ಜಳನ ಅಂತ್ಯದ ಹೊತ್ತಿಗೆ ಕದಡಿಹೋಯಿತು. ಎಳೆಹೂಟೆಯ ಶಿಕ್ಷೆ, ಶರಣರ ಚದುರುವಿಕೆ, ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ಓಡಿದವರು: ಅಂದು ಬದುಕಿದ್ದವರಲ್ಲಿ ಯಾರನ್ನೇ ಕೇಳಿದ್ದರೂ ಎಲ್ಲವೂ ಮುಗಿಯಿತೆಂದೇ ಹೇಳುತ್ತಿದ್ದರು. ಮುಂದೆ 15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರು ವಚನಗಳನ್ನು ಮತ್ತೆ ಕೂಡಿಸಿದರು. ಅನಂತರ ಸಿದ್ಧಲಿಂಗ ಯತಿಗಳು ಏಳುನೂರೊಂದು ವಿರಕ್ತರೊಡನೆ ಸಂಚರಿಸಿ ಆ ಜ್ಯೋತಿಯನ್ನು ಊರೂರಿಗೆ ಒಯ್ದರು. ತಾವೂ ಷಟ್‌ಸ್ಥಲ ಜ್ಞಾನಸಾರಾಮೃತದ ವಚನಗಳನ್ನು ರಚಿಸಿದರು. ಶೂನ್ಯಸಂಪಾದನೆಯ ಪರಿಷ್ಕರಣಗಳಲ್ಲಿ ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣಾರ್ಯರವು ಇದೇ ಪರಂಪರೆಯ ಫಲ. ಓಲೆಗಳು ಮತ್ತೆ ಮನೆಗಳ ಅಟ್ಟ ಸೇರಿ ಧೂಳು ಹಿಡಿದವು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ತಂದು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಮಾಡಿಸಿದ್ದು 1923ರಲ್ಲಿ. ಕಲ್ಯಾಣದಿಂದ ಅಲ್ಲಿಗೆ ಏಳೂವರೆ ಶತಮಾನ. ಕಟ್ಟು ಹೊತ್ತು ಓಡಿದ ಶರಣರಲ್ಲಿ ಒಬ್ಬರಾದರೂ ಆ ದಿನವನ್ನು ಕಾಣಲಿಲ್ಲ. ಶಿವನ ಕಾಲವೆಂಬುದು ನಮ್ಮ ಆಯುಷ್ಯದ ಒಳಗೇ ಮುಗಿಯಬೇಕೆಂಬ ನಿಯಮವೇನೂ ಇಲ್ಲ. ಈ ಮಾತು ಕೇಳಲು ಹಿತವಲ್ಲ, ಆದರೂ ನಿಜ.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲವೆಂಬುದಕ್ಕೆ ಸುತ್ತೂರಿನ ಡಾ. ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರ ಬದುಕೇ ಸಾಕ್ಷಿ. 1941ರಲ್ಲಿ, ಎರಡನೆಯ ಮಹಾಯುದ್ಧದಿಂದ ದವಸಕ್ಕೆ ತತ್ವಾರವಾಗಿದ್ದ ದಿನಗಳಲ್ಲಿ, ಮೈಸೂರಿನಲ್ಲಿ ಹಳ್ಳಿಯ ಬಡ ಮಕ್ಕಳಿಗಾಗಿ ಪೂಜ್ಯರು ಉಚಿತ ಪ್ರಸಾದ ನಿಲಯವನ್ನು ತೆರೆದರು. ಮಕ್ಕಳ ಅನ್ನಕ್ಕೆ ಹಣ ಸಾಲದೆ ಹೋದಾಗ ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿ ಒಲೆ ಆರದಂತೆ ನೋಡಿಕೊಂಡರೆಂಬುದನ್ನು ಹಿರಿಯ ಭಕ್ತರು ಇಂದಿಗೂ ಕಣ್ತುಂಬಿ ಹೇಳುತ್ತಾರೆ. ದೇವರು ನಡೆಸುತ್ತಾನೆಂಬ ನಂಬುಗೆ ಪೂಜ್ಯರಲ್ಲಿ ಪೂರ್ಣವಾಗಿತ್ತು. ಆ ನಂಬುಗೆಯೇ ಕರಡಿಗೆಯನ್ನು ಮಾರುವ ಧೈರ್ಯವನ್ನೂ ಕೊಟ್ಟಿತು. 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವು ಸ್ಥಾಪನೆಯಾಯಿತು. ಚಾಮರಾಜನಗರ, ಗುಂಡ್ಲುಪೇಟೆಗಳ ಎಷ್ಟೋ ಮನೆಗಳಲ್ಲಿ ಮೊದಲು ಅಕ್ಷರ ಕಲಿತವರು ಆ ಅನ್ನದ ಋಣದಲ್ಲಿರುವವರು.

ಇಷ್ಟು ಹೇಳಿದ ಮೇಲೆ ಒಂದು ರಾತ್ರಿಯನ್ನು ಹೇಳದೆ ಬಿಡಲಾಗದು. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ, ಪ್ರಾಣವಾಯುವಿನ ಕೊರತೆಯ ನಡುವೆ, ಒಂದೇ ದಿನದ ಅವಧಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ಪ್ರಾಣಬಿಟ್ಟರು. ಅವರ ಮನೆಯವರೂ ಆ ರಾತ್ರಿ ಪ್ರಾರ್ಥಿಸಿದ್ದರು. ಅಂಥವರ ಮುಂದೆ ನಿಂತು ಎಲ್ಲವೂ ಶಿವನಿಚ್ಛೆ, ಅವರ ಕಾಲ ಬಂದಿತ್ತು ಎಂದು ಹೇಳುವುದನ್ನು ನಾವು ಒಪ್ಪುವುದಿಲ್ಲ. ಮನುಷ್ಯರು ಮಾಡಬೇಕಾಗಿದ್ದು ಆಗದೆ ಹೋದದ್ದನ್ನು ದೇವರ ಕಾಲದ ಲೆಕ್ಕಕ್ಕೆ ಬರೆಯುವುದು ದೇವರಿಗೂ ಅಪಚಾರ, ಸತ್ತವರಿಗೂ ಅಪಚಾರ. ಶರಣರು ದಯೆಯನ್ನು ಧರ್ಮದ ಬೇರೆಂದು ಕಂಡವರು. ಶೋಕದ ಮನೆಗೆ ಹೋದಾಗ ತತ್ತ್ವವನ್ನು ಹೊರಗೆ ಬಿಟ್ಟು, ಅನ್ನದ ಪಾತ್ರೆಯನ್ನು ಹಿಡಿದು ಒಳಗೆ ಹೋಗುವುದು ದಾಸೋಹ. ನಿಷ್ಠೆಯನ್ನು ನಮ್ಮ ನಮ್ಮ ಕಷ್ಟಕ್ಕೆ ನಾವು ಹೇಳಿಕೊಳ್ಳಬಹುದು. ಮತ್ತೊಬ್ಬರ ಕಷ್ಟಕ್ಕೆ ಅದನ್ನು ಬೋಧಿಸುವ ಅಧಿಕಾರ ಸುಲಭಕ್ಕೆ ಬರುವುದಲ್ಲ.

ಆಚರಣೆಯ ಬಗ್ಗೆ ಸದ್ಭಕ್ತರು ಕೇಳುವುದುಂಟು. ಸಂಕಟದ ದಿನಗಳಲ್ಲಿ ಪೂಜೆಯನ್ನು ಹೆಚ್ಚಿಸಬೇಕೇ? ಹೆಚ್ಚಿಸಬೇಕಾಗಿಲ್ಲ, ಬಿಡಬಾರದು. ಎಂದಿನ ಹೊತ್ತಿಗೆ ಎಂದಿನಂತೆ ಇಷ್ಟಲಿಂಗವನ್ನು ಅಂಗೈಗೆ ತಂದುಕೊಂಡು ಕುಳಿತರೆ ಸಾಕು. ಮನಸ್ಸು ನಿಲ್ಲದಿದ್ದರೆ ನಿಲ್ಲದ ಮನಸ್ಸನ್ನೇ ಲಿಂಗಕ್ಕೆ ಒಪ್ಪಿಸುವುದು. ಬೆಳೆ ಹೋದವರು, ಬೋರ್‌ವೆಲ್ ಬತ್ತಿದವರು ಹರಕೆಗಾಗಿ ಸಾಲ ಮಾಡಬೇಡಿ. ಸಾಲ ಮಾಡಿ ತಂದ ಕಾಣಿಕೆಯನ್ನು ಶಿವನು ಬೇಡಿದ್ದೆಲ್ಲಿಯೂ ಇಲ್ಲ. ಸಾಲದ ವಿಷಯವನ್ನು ಮನೆಯವರಿಂದ ಮುಚ್ಚಿಡಬೇಡಿ. ಜೀವ ಬೇಡವೆನ್ನಿಸುವಷ್ಟು ಭಾರವಾದರೆ ಆ ದಿನವೇ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ, ವೈದ್ಯರನ್ನು ಕಾಣಿ. ಮಠದ ಬಾಗಿಲಿಗೆ ಬರುವುದಕ್ಕೂ ಹೊತ್ತುಗೊತ್ತಿಲ್ಲ. ಸಂಕಮ್ಮ ಬದುಕಿದ್ದು ಕೂಗಿ ಕರೆದದ್ದರಿಂದ.

ಮಹಾಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ನಮ್ಮ ಭಾಗದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಡುವವರು ತಾಳುಬೆಟ್ಟದಿಂದ ಮೇಲಕ್ಕೆ ಏರುತ್ತಾರೆ. ಮಕ್ಕಳಿಲ್ಲದವರು, ಮಕ್ಕಳನ್ನು ಕಳೆದುಕೊಂಡವರು, ಹರಕೆ ಫಲಿಸಿದವರು, ಫಲಿಸದೆಯೂ ಪ್ರತಿವರ್ಷ ಬರುವವರು ಎಲ್ಲರೂ ಅದೇ ದಾರಿಯಲ್ಲಿ ಒಟ್ಟಿಗೆ ನಡೆಯುತ್ತಾರೆ. ಕೊನೆಯವರನ್ನು ಒಮ್ಮೆ ಮಾತನಾಡಿಸಿ ನೋಡಿ. ಏಕೆ ಬರುತ್ತೀರೆಂದು ಕೇಳಿದರೆ ಅವರು ಉಘೇ ಮಾದಪ್ಪ ಎಂದು ಮುಂದಿನ ಮೆಟ್ಟಿಲಿಗೆ ಕಾಲಿಡುತ್ತಾರೆ.