ಚಿತ್ರ ಭಂಡಾರವೂ ಹೆಸರಿನ ಋಣವೂ

ಶತಮಾನೋತ್ಸವವೆಂದೊಡನೆ ಹಳೆಯ ಛಾಯಾಚಿತ್ರಗಳನ್ನು ಹೊರತೆಗೆಯುವುದು ಸಹಜ. ಆಗ ನಮಗೆ ಒಂದು ವಿಚಿತ್ರ ಗೋಚರಿಸುತ್ತದೆ. ದೇವಾಲಯದ ದಾಖಲೆ ಪುಸ್ತಕಗಳಲ್ಲಿ ಹೆಸರುಗಳಿವೆ, ಮುಖಗಳಿಲ್ಲ. ಮನೆಯ ಚಿತ್ರಗಳಲ್ಲಿ ಮುಖಗಳಿವೆ, ಹೆಸರುಗಳಿಲ್ಲ. ವಧೂವರರ ಹಾಗೂ ಸಾಕ್ಷಿಗಳ ಹೆಸರು, ವಿವಾಹದ ದಿನ, ಸ್ಥಳಗಳನ್ನು ಗುರುಗಳು ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು 1563ರಲ್ಲಿ ಟ್ರೆಂಟ್ ಮಹಾಸಭೆಯು ವಿಧಿಸಿತು. ಚಿತ್ರಗಳಿಗೆ ಅಂಥ ವಿಧಿಯಿಲ್ಲ. ಇಂದು ಅವು ಗಣಕಯಂತ್ರದಲ್ಲಿಯೂ ಕೈಫೋನಿನಲ್ಲಿಯೂ ಸಾವಿರಗಟ್ಟಲೆ ರಾಶಿಬಿದ್ದಿವೆ. ಇವುಗಳನ್ನು ಓರಣಗೊಳಿಸುವ ಬಗೆಯನ್ನು ಅರಿಯಲು ಅಮೆರಿಕದ ಒಂದು ಚಿತ್ರ ಭಂಡಾರದ ಚರಿತ್ರೆಯನ್ನು ಅವಲೋಕಿಸೋಣ.

ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಅಂದರೆ 1935ರಲ್ಲಿ, ಅಮೆರಿಕದ ಸರ್ಕಾರವು ಬಡ ರೈತರ ಸ್ಥಿತಿಗತಿಗಳನ್ನು ಚಿತ್ರಿಸಲು ರಾಯ್ ಸ್ಟ್ರೈಕರ್ ಎಂಬುವರ ನೇತೃತ್ವದಲ್ಲಿ ಒಂದು ವಿಭಾಗವನ್ನು ತೆರೆಯಿತು. ಛಾಯಾಗ್ರಾಹಕರು ದೇಶದ ಉದ್ದಗಲಕ್ಕೂ ಸಂಚರಿಸಿದರು. ಬೇರೆ ಕಡೆಗಳಿಂದ ಬಂದ ಚಿತ್ರಗಳೂ ಕೂಡಿಕೊಂಡು ಸುಮಾರು 1,75,000 ಕಪ್ಪುಬಿಳುಪಿನ ನೆಗೆಟಿವ್‌ಗಳು ಸೇರಿದವು. 1944ರಲ್ಲಿ ಇವು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ವಶಕ್ಕೆ ಬಂದವು.

ಈ ರಾಶಿಗೆ ಕ್ರಮವನ್ನು ಕಲ್ಪಿಸಿದವರು 1942ರಲ್ಲಿ ನೇಮಕಗೊಂಡ ಪಾಲ್ ವಾಂಡರ್‌ಬಿಲ್ಟ್. ಅವರು ಎರಡು ಬಗೆಯ ಜೋಡಣೆಯನ್ನು ಕೈಗೊಂಡರು. ಒಂದು ಸಂಚಾರದಲ್ಲಿ, ಒಂದು ವಿಷಯವಾಗಿ ತೆಗೆದ ಚಿತ್ರಗಳನ್ನು ಒಂದೇ ಕಟ್ಟಾಗಿ ಉಳಿಸಿ, ಮೈಕ್ರೋಫಿಲ್ಮಿನಲ್ಲಿ ಸೆರೆಹಿಡಿಸಿದರು. ಅನಂತರ ಅಚ್ಚು ಪ್ರತಿಗಳನ್ನು ಮೊದಲು ಪ್ರಾಂತ್ಯದ ಪ್ರಕಾರ, ಅದರೊಳಗೆ ಮನೆ, ದುಡಿಮೆ, ಶಾಲೆ, ಆರಾಧನೆ ಮುಂತಾದ ವಿಷಯಗಳ ಪ್ರಕಾರ ಕಪಾಟುಗಳಲ್ಲಿ ಇರಿಸಿದರು. ಚಿತ್ರ ತೆಗೆದ ಸಂದರ್ಭವನ್ನು ಅರಸುವವರಿಗೆ ಮೊದಲನೆಯ ದಾರಿ. ವಿಷಯವನ್ನು ಅರಸುವವರಿಗೆ ಎರಡನೆಯದು.

ಈ ದೂರದೃಷ್ಟಿಯ ಬೆಲೆ ಚಿತ್ರಗಳು ಗಣಕಯಂತ್ರವನ್ನು ಸೇರಿದ ಮೇಲೆ ಇನ್ನಷ್ಟು ಸ್ಪಷ್ಟವಾಯಿತು. ಹಿಂದೆ ಅಚ್ಚಾಗದೆ ಉಳಿದಿದ್ದ ಅಸಂಖ್ಯ ನೆಗೆಟಿವ್‌ಗಳಿಗೆ ಯಾವ ವಿವರಣೆಯೂ ಇರಲಿಲ್ಲ. ಗ್ರಂಥಾಲಯದವರು ಅಕ್ಕಪಕ್ಕದ ಸಂಖ್ಯೆಯ ಚಿತ್ರಗಳನ್ನು ನೋಡಿ, ಇದು ಬಹುಶಃ ಅದಕ್ಕೆ ಸಂಬಂಧಿಸಿದ್ದೆಂದು ನಮೂದಿಸಿದರು. ನೆರೆಯ ಚಿತ್ರಗಳನ್ನು ಸಾಲಾಗಿ ನೋಡುವ ಅನುಕೂಲವನ್ನೂ ಓದುಗರಿಗೆ ಒದಗಿಸಿದರು. ಮೂಲ ಅನುಕ್ರಮವನ್ನು ಕದಡಿದ್ದರೆ ಆ ಮೂಕ ಚಿತ್ರಗಳು ಎಂದೆಂದಿಗೂ ಮೂಕವಾಗಿಯೇ ಉಳಿಯುತ್ತಿದ್ದವು.

ಆದರೆ ಕ್ರಮವೊಂದರಿಂದಲೇ ಎಲ್ಲವೂ ಸಾಧಿಸದು. 1936ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ನಿಪೋಮೋ ಎಂಬಲ್ಲಿ ಡೊರೋಥಿಯಾ ಲ್ಯಾಂಗ್ ಅವರು ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿಯ ಚಿತ್ರವನ್ನು ತೆಗೆದರು. ಅದು ಜಗತ್ಪ್ರಸಿದ್ಧವಾಯಿತು. ಆಕೆಯ ವಯಸ್ಸು ವಿವರಣೆಯಲ್ಲಿತ್ತು, ಮಕ್ಕಳ ಸಂಖ್ಯೆಯೂ ಇತ್ತು, ಹೆಸರಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂದು ಲೋಕ ತಿಳಿದದ್ದು 1978ರಲ್ಲಿ, ಎಂದರೆ 42 ವರ್ಷಗಳ ತರುವಾಯ. ಮುಖವನ್ನು ಜಗತ್ತೆಲ್ಲ ಬಲ್ಲುದಾಗಿತ್ತು, ಮನುಷ್ಯಳನ್ನು ಬಲ್ಲವರು ಕೆಲವರೇ.

ಇದರಿಂದ ಕಲಿಯಬೇಕಾದ ಪಾಠವನ್ನು 2008ರ ಒಂದು ಪ್ರಯೋಗ ಪುಷ್ಟೀಕರಿಸಿತು. ಅದೇ ಗ್ರಂಥಾಲಯವು 3,000ಕ್ಕೂ ಹೆಚ್ಚು ಹಳೆಯ ಚಿತ್ರಗಳನ್ನು ಫ್ಲಿಕರ್ ಎಂಬ ಜಾಲತಾಣದಲ್ಲಿ ಪ್ರಕಟಿಸಿ, ತಿಳಿದವರು ತಿಳಿದುದನ್ನು ಬರೆಯಿರೆಂದು ಕೋರಿತು. ಅದೇ ವರ್ಷದೊಳಗೆ ಜನರು 67,176 ಗುರುತುಪದಗಳನ್ನು ಸೇರಿಸಿದರು. ಅವರು ತಿಳಿಸಿದ ವ್ಯಕ್ತಿ, ಸ್ಥಳ, ಸಂದರ್ಭಗಳನ್ನು ಸಿಬ್ಬಂದಿ ಪರಿಶೀಲಿಸಿ, 500ಕ್ಕೂ ಹೆಚ್ಚು ದಾಖಲೆಗಳನ್ನು ತಿದ್ದಿ ಪೂರ್ಣಗೊಳಿಸಿದರು. ಯಂತ್ರಕ್ಕೆ ನಿಲುಕದ್ದು ಜನರ ನೆನಪಿನಲ್ಲಿತ್ತು.

ನಮ್ಮ ಮನೆಗಳ ಚಿತ್ರರಾಶಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಒಂದು ಸಮಾರಂಭದ ಚಿತ್ರಗಳನ್ನು ವರ್ಷ, ತಿಂಗಳುಗಳ ಕ್ರಮದಲ್ಲಿ ಒಂದೆಡೆಯೇ ಇಟ್ಟು, ವಿಷಯಗಳನ್ನು ಗುರುತುಪದಗಳಿಂದ ಸೂಚಿಸಿದರೆ ವಾಂಡರ್‌ಬಿಲ್ಟರ ಎರಡು ದಾರಿಗಳೂ ನಮಗೆ ದೊರೆಯುತ್ತವೆ. ಒಂದೇ ಚಿತ್ರದ ಹತ್ತು ನಕಲು ಬೇಕಿಲ್ಲ. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಎಕ್ಸಿಫ್ ಪದ್ಧತಿಯಿಂದಾಗಿ ಕ್ಯಾಮೆರಾ ತಾನೇ ದಿನಾಂಕವನ್ನು ಚಿತ್ರದೊಳಗೆ ಬರೆಯುತ್ತದೆ, ನಿಜ. ಆದರೆ ಅಜ್ಜನ ಮದುವೆಯ ಚಿತ್ರವನ್ನು ಈಗ ಸ್ಕ್ಯಾನ್ ಮಾಡಿದರೆ ಅದು ಸ್ಕ್ಯಾನ್ ಮಾಡಿದ ದಿನವನ್ನೇ ಹೇಳೀತು. ಸರಿಯಾದ ವರ್ಷವನ್ನು ನಾವೇ ಬರೆಯಬೇಕು. ಯಂತ್ರವು ಒಂದೇ ಮುಖದ ಚಿತ್ರಗಳನ್ನು ಒಟ್ಟುಗೂಡಿಸಬಲ್ಲುದು. ಅದು ಯಾರ ಮುಖವೆಂದು ಮೊದಲು ಮನುಷ್ಯನೇ ಹೇಳಿಕೊಡಬೇಕು. ಹೀಗೆ ಓರಣಗೊಂಡ ಭಂಡಾರದ ಇನ್ನೊಂದು ಪ್ರತಿಯು ಬೇರೊಂದು ಮನೆಯಲ್ಲಿರುವುದು ಕ್ಷೇಮ.

ಆದುದರಿಂದ ಹಿರಿಯರು ನಮ್ಮೊಡನಿರುವಾಗಲೇ ಅವರ ಬಳಿ ಕುಳಿತು, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಕೇಳಿ ಬರೆದುಕೊಳ್ಳೋಣ. ಇದು ಮುಂದಿನ ಪೀಳಿಗೆಗೆ ನಾವು ಸಲ್ಲಿಸಬೇಕಾದ ಋಣ. ಚಿತ್ರವನ್ನು ಇನ್ನೊಮ್ಮೆ ಅಚ್ಚುಹಾಕಬಹುದು. ಹೆಸರನ್ನು ಬಲ್ಲವರು ಒಬ್ಬರೂ ಉಳಿಯದಿದ್ದಾಗ ಯಾರನ್ನು ಕೇಳುವುದು?