ಕಡಿಮೆ ಕಿಲೋಮೀಟರ್ ಓಡಿದ ಕಾರೆಲ್ಲ ಒಳ್ಳೆಯ ಕಾರೇ?

"ಒಬ್ಬರೇ ಓನರ್ ಸಾರ್, ಬರೀ 32 ಸಾವಿರ ಓಡಿದೆ, ಡಾಕ್ಟರ್ ಗಾಡಿ." ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರಲ್ಲಿ ಈ ಮಾತು ಕೇಳದವರು ಕಡಿಮೆ. ಕಿಲೋಮೀಟರ್ ಕಡಿಮೆ ಇದ್ದಷ್ಟೂ ಕಾರು ಚೆನ್ನಾಗಿರುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಬೆಲೆ ನಿಲ್ಲುವುದೇ ಆ ಒಂದು ಅಂಕಿಯ ಮೇಲೆ. ಆದರೆ ಇಡೀ ಕಾರಿನಲ್ಲಿ ಅತಿ ಸುಲಭವಾಗಿ ಬದಲಾಯಿಸಬಹುದಾದದ್ದೂ ಅದೇ ಅಂಕಿ.

ಹಳೆಯ ಕಾರುಗಳಲ್ಲಿ ಮೀಟರ್ ಬಿಚ್ಚಿ ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸುತ್ತಿದ್ದರು. ಈಗಿನ ಡಿಜಿಟಲ್ ಮೀಟರ್‌ನಲ್ಲಿ ಆ ಸಂಖ್ಯೆ ಒಂದು ಸಣ್ಣ ಮೆಮೊರಿ ಚಿಪ್‌ನಲ್ಲಿರುತ್ತದೆ. ಸರಿಯಾದ ಉಪಕರಣ ಜೋಡಿಸಿದರೆ ಕೆಲವೇ ನಿಮಿಷಗಳಲ್ಲಿ 90 ಸಾವಿರ 32 ಸಾವಿರವಾಗುತ್ತದೆ. ಮೀಟರನ್ನು ತಿದ್ದಬಹುದು, ಆದರೆ ಅದರ ಜೊತೆಗೇ ಸವೆದ ಬೇರೆ ಭಾಗಗಳನ್ನೆಲ್ಲ ತಿದ್ದುವುದು ಕಷ್ಟ. ಬ್ರೇಕ್ ಮತ್ತು ಕ್ಲಚ್ ಪೆಡಲ್‌ಗಳ ರಬ್ಬರ್ ನೋಡಿ. ಸ್ಟೀರಿಂಗ್ ನುಣುಪಾಗಿ ಹೊಳೆಯುತ್ತಿದೆಯೇ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯೇ ಗಮನಿಸಿ. 30 ಸಾವಿರಕ್ಕೆ ಇವು ಅಷ್ಟು ಸವೆಯುವುದಿಲ್ಲ.

ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕಂಕಿ ಸಂಖ್ಯೆಯೂ ಮಾತಾಡುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. 2020ರ ಕಾರು, ಮೀಟರ್‌ನಲ್ಲಿ 28 ಸಾವಿರ, ಆದರೆ ನಾಲ್ಕೂ ಟೈರು 2022ರವು ಎಂದಾದರೆ, ಅಷ್ಟು ಬೇಗ ಬದಲಾಯಿಸಿದ್ದೇಕೆ ಎಂದು ಕೇಳಲೇಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಂಪನಿಯ ಸರ್ವಿಸ್ ಸ್ಟೇಷನ್ನಿನ ದಾಖಲೆ. ಪ್ರತಿ ಸಲ ಸರ್ವಿಸ್‌ಗೆ ಬಿಟ್ಟಾಗಲೂ ಅಂದಿನ ಕಿಲೋಮೀಟರ್ ಅಲ್ಲಿ ನಮೂದಾಗಿರುತ್ತದೆ. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋಗಿ ಕೇಳಿದರೆ ತಿಳಿಯುತ್ತದೆ.

ಸರಿ, ಅಂಕಿ ನಿಜವೇ ಎಂದಿಟ್ಟುಕೊಳ್ಳೋಣ. ಆಗಲೂ ಅದು ಪೂರ್ತಿ ಒಳ್ಳೆಯ ಸುದ್ದಿಯಲ್ಲ. ಕಾರಿನ ರಬ್ಬರ್ ಪೈಪು, ಸೀಲು, ಬ್ಯಾಟರಿ, ಬ್ರೇಕ್ ಆಯಿಲ್ ಓಡದಿದ್ದರೂ ಹಳತಾಗುತ್ತವೆ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಹಾಗಾಗಿ ಆಯಿಲ್‌ಗೆ ಸೇರಿದ ತೇವ ಆವಿಯಾಗಿ ಹೋಗದೆ ಅಲ್ಲೇ ಉಳಿಯುತ್ತದೆ. ಬಿಎಸ್-6 ಡೀಸೆಲ್ ಕಾರುಗಳಲ್ಲಂತೂ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಹೈವೇಯಲ್ಲಿ ಆಗಾಗ ಒಂದೇ ವೇಗದಲ್ಲಿ ಓಡಿಸಬೇಕು. ಸಿಟಿಯೊಳಗೇ ಸುತ್ತಿದ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಬದಲಾಯಿಸಬೇಕಾದರೆ ಖರ್ಚು ದೊಡ್ಡದು. ಹೆದ್ದಾರಿಯಲ್ಲಿ 80 ಸಾವಿರ ಓಡಿ ಸಮಯಕ್ಕೆ ಸರಿಯಾಗಿ ಸರ್ವಿಸ್ ಕಂಡ ಕಾರನ್ನು ನಾನಂತೂ ಇಂಥದ್ದಕ್ಕಿಂತ ಮೇಲೆ ಇಡುತ್ತೇನೆ.

ಕಿಲೋಮೀಟರ್ ಏನೂ ಹೇಳದ ಇನ್ನೊಂದು ಸಂಗತಿ ನೀರು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ, 2023ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ನಿಂತಲ್ಲೇ ಕಾರುಗಳು ಮುಳುಗಿದವು. ಅಂಥವು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುತ್ತಿಕೊಂಡಿರುವ ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿ ನೋಡಿ. ಮುಗ್ಗಲು ವಾಸನೆಗಿಂತ ವಿಪರೀತ ಸುಗಂಧವೇ ಹೆಚ್ಚು ಅನುಮಾನಕ್ಕೆ ಅರ್ಹ.

ಕಾರು ನೋಡಲು ಬೆಳಗ್ಗೆ ಹೋಗುವುದು ಒಳ್ಳೆಯದು, ಬಾನೆಟ್ ಮುಟ್ಟಿದಾಗ ತಣ್ಣಗಿರಬೇಕು. ಬಿಸಿ ಎಂಜಿನ್ ತನ್ನ ಕಾಯಿಲೆಗಳನ್ನು ಮುಚ್ಚಿಡುತ್ತದೆ. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಖುಷಿಪಡಬೇಡಿ. ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡ ಮೇಲೆ ಹೊಸದು ಹಾಕಿಸದೆ ದೀಪವನ್ನೇ ಬಂದ್ ಮಾಡಿರಬಹುದು. ಮುಂದಿನ ಡಿಕ್ಕಿಯಲ್ಲಿ ಇದಕ್ಕೆ ಬೆಲೆ ತೆರುವವರು ನಿಮ್ಮ ಮನೆಯವರು.

ಇನ್ನು ಕಾಗದಪತ್ರ. ವಿಮೆಯ ಪಾಲಿಸಿಯಲ್ಲಿ 'ನೋ ಕ್ಲೇಮ್ ಬೋನಸ್' ಎಷ್ಟಿದೆ ನೋಡಿ. ಒಬ್ಬರೇ ಮಾಲೀಕರ ನಾಲ್ಕೈದು ವರ್ಷದ ಕಾರಿಗೆ ಅದು ಸೊನ್ನೆ ಇದ್ದರೆ, ಹಿಂದಿನ ವರ್ಷ ಯಾವುದಕ್ಕೋ ಕ್ಲೇಮ್ ಮಾಡಿರುವ ಸಾಧ್ಯತೆ ಇದೆ. ಆ ಬೋನಸ್ ವ್ಯಕ್ತಿಯದೇ ಹೊರತು ಕಾರಿನದಲ್ಲ, ಆದ್ದರಿಂದ ನಿಮಗದು ಸಿಗುವುದಿಲ್ಲ. ಕಾರು ಕೊಂಡ 14 ದಿನಗಳೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಇಲ್ಲದಿದ್ದರೆ ನಿಮ್ಮ ಕಾರಿಗಾದ ಹಾನಿಯ ಹಣ ಬರುವುದು ಕಷ್ಟ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದ ಪತ್ರ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಫಾರ್ಮ್ 29 ಮತ್ತು 30ಕ್ಕೆ ಸಹಿಯಾಗಿ ಆರ್‌ಸಿ ವರ್ಗವಾಗುವವರೆಗೂ ಮಾರಿದವರಿಗೂ ನೆಮ್ಮದಿಯಿಲ್ಲ. ಅಪಘಾತವಾದರೆ ದಾಖಲೆಯಲ್ಲಿ ಹೆಸರಿರುವ ಮಾಲೀಕರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ದೆಹಲಿ ನೋಂದಣಿಯ ಡೀಸೆಲ್ ಕಾರುಗಳು ಇಲ್ಲಿ ಅಗ್ಗಕ್ಕೆ ಸಿಗುವುದಕ್ಕೂ ಕಾರಣವಿದೆ. 10 ವರ್ಷ ದಾಟಿದ ಡೀಸೆಲ್ ವಾಹನಗಳು ಅಲ್ಲಿ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿದ ಮೇಲೆ ಅವುಗಳ ಬೆಲೆ ಬಿದ್ದಿತು. ಆದರೆ ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಹೊಸ ನೋಂದಣಿ ಕಡ್ಡಾಯ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಕಾರಿನ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಮಾರುವವರು ಹೇಳಿದ ಬೆಲೆಗೆ ಇದನ್ನೂ ಕೂಡಿಸಿ, ಆಮೇಲೆ ಇಲ್ಲಿನದೇ ಕೆಎ ನೋಂದಣಿಯ ಕಾರಿನ ಜೊತೆ ಹೋಲಿಸಿ ನೋಡಿ.