ಕಾರ್ಖಾನೆ ಸುರಕ್ಷತೆ: ಭಾರತದಲ್ಲಿ ಮಾಲೀಕರ ಹೊಣೆ

ಮಾಲೀಕರ ಹೊಣೆ ಎಂದರೆ, ದುಡಿಯುವ ಜಾಗದಲ್ಲಿ ಕಾರ್ಮಿಕರ ಜೀವ ಮತ್ತು ಆರೋಗ್ಯ ಕಾಪಾಡಲು ಕಾನೂನು ಮಾಲೀಕರ ಮೇಲೆ ಹೊರಿಸಿರುವ ಕರ್ತವ್ಯಗಳು. ಏಳು ದಶಕಕ್ಕೂ ಹೆಚ್ಚು ಕಾಲ ಇವಕ್ಕೆ ಆಧಾರವಾಗಿದ್ದುದು 1948ರ ಕಾರ್ಖಾನೆಗಳ ಕಾಯ್ದೆ. 13 ಕಾನೂನುಗಳನ್ನು ಒಗ್ಗೂಡಿಸಿದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಆ ಸ್ಥಾನ ಪಡೆಯಿತು. ಕರ್ನಾಟಕದಲ್ಲಿ ಇದರ ಉಸ್ತುವಾರಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು.

1948ರ ಕಾಯ್ದೆಯ ಗಮನ ಮುಖ್ಯವಾಗಿ ಯಂತ್ರದ ಮೇಲಿತ್ತು. ತಿರುಗುವ, ಚಲಿಸುವ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಬೇಕು, ಯಂತ್ರ ಓಡುವಾಗ ಅದನ್ನು ತೆಗೆಯಕೂಡದು ಎಂದು 21ನೇ ಕಲಂ ವಿಧಿಸಿತ್ತು. ತಡೆ ತೆಗೆದರೆ ಕೆಲಸ ಬೇಗ ಸಾಗುತ್ತದೆಂಬ ಲೆಕ್ಕಾಚಾರಕ್ಕೆ ಬಲಿಯಾಗುವುದು ಪವರ್ ಪ್ರೆಸ್ ಮುಂದೆ ಕುಳಿತವನ ಬೆರಳುಗಳು. ವಿಷಾನಿಲವಿರಬಹುದಾದ ಟ್ಯಾಂಕಿನೊಳಗೆ ಕಾರ್ಮಿಕರನ್ನು ಇಳಿಸುವ ಮುನ್ನ ಅದು ಸುರಕ್ಷಿತವೆಂದು ಖಚಿತಪಡಿಸಿಕೊಳ್ಳಬೇಕೆಂಬ ನಿಯಮವೂ ಇತ್ತು. ಕ್ಯಾಂಟೀನ್ ಬಿಟ್ಟರೆ, ಕಾಯ್ದೆ ಒದಗಿಸಬೇಕೆಂದ ಯಾವ ಸೌಲಭ್ಯಕ್ಕೂ ಕಾರ್ಮಿಕರಿಂದ ಹಣ ವಸೂಲಿ ಮಾಡುವಂತಿರಲಿಲ್ಲ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ ಸಾವಿರಾರು ಜನ ಸತ್ತರು. ಒಳಗೆ ಎಂಥ ವಿಷವಿದೆ, ಸೋರಿದರೆ ಏನು ಮಾಡಬೇಕು ಎಂಬ ಅರಿವು ಸುತ್ತಲ ಜನರಿಗಿರಲಿಲ್ಲ. ಕಾಯ್ದೆಗೆ 1987ರ ತಿದ್ದುಪಡಿ ಬಂದದ್ದು ಈ ದುರಂತದ ಬೆನ್ನಿಗೆ. ಅಪಾಯದ ಸ್ವರೂಪವನ್ನು ಕಾರ್ಮಿಕರಿಗೂ ಸ್ಥಳೀಯ ಆಡಳಿತಕ್ಕೂ ನೆರೆಹೊರೆಯವರಿಗೂ ತಿಳಿಸುವುದು, ತುರ್ತು ಯೋಜನೆ ಸಿದ್ಧವಿಡುವುದು, ಕಾರ್ಮಿಕರ ಆರೋಗ್ಯ ದಾಖಲೆ ಇಡುವುದು ಮಾಲೀಕರ ಕರ್ತವ್ಯವಾಯಿತು. ಅಪಾಯ ಸನ್ನಿಹಿತವೆಂದು ಕಂಡರೆ ಎಚ್ಚರಿಸುವ ಹಕ್ಕು ಕಾರ್ಮಿಕರಿಗೆ ದೊರೆಯಿತು.

ಇದೇ ತಿದ್ದುಪಡಿಯ ಇನ್ನೊಂದು ಅಂಶ ಅಷ್ಟೇ ಮಹತ್ವದ್ದು. ಕಂಪನಿಯಾದರೆ ಅದರ ನಿರ್ದೇಶಕರಲ್ಲೊಬ್ಬರೇ ಕಾನೂನಿನ ಕಣ್ಣಲ್ಲಿ ‘ಅಧಿಭೋಗದಾರ’, ಅಂದರೆ ಕಾರ್ಖಾನೆಯ ಅಂತಿಮ ಹೊಣೆಗಾರ. ಕೆಳಗಿನ ನೌಕರನನ್ನು ಆ ಸ್ಥಾನದಲ್ಲಿ ಕೂರಿಸಿ ಮೇಲಿನವರು ಹೊಣೆಯಿಂದ ನುಣುಚಿಕೊಳ್ಳುವ ದಾರಿ ಇದರಿಂದ ಮುಚ್ಚಿತು. ಕಂಪನಿಗಳು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 1996ರಲ್ಲಿ, ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ, ಈ ನಿಯಮವನ್ನು ಎತ್ತಿಹಿಡಿಯಿತು.

ನಿರ್ದೇಶಕರನ್ನೇ ಹೊಣೆಯಾಗಿಸುವ ಈ ನಿಯಮವನ್ನು ಹೊಸ ಸಂಹಿತೆಯೂ ಉಳಿಸಿಕೊಂಡಿದೆ. ನಿಗದಿತ ವರ್ಗದ ಕಾರ್ಮಿಕರಿಗೆ ಮಾಲೀಕರು ಪ್ರತಿವರ್ಷ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು. ಸುರಕ್ಷತಾ ಅಧಿಕಾರಿ ಕಡ್ಡಾಯವಾಗುವ ಮಿತಿ ಕಾರ್ಖಾನೆಗಳಲ್ಲಿ 1,000 ಕಾರ್ಮಿಕರಿಂದ 500ಕ್ಕೆ ಇಳಿದಿದೆ. ಆದರೆ ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೇರಿರುವುದು ಆತಂಕದ ಸಂಗತಿ. ಕಾರ್ಖಾನೆಗೆಂದೇ ಇರುವ ನಿಯಮಗಳು ಸಣ್ಣ ವರ್ಕ್‌ಷಾಪ್‌ಗಳನ್ನು ಮುಟ್ಟುವುದಿಲ್ಲ.

ಸಂಹಿತೆಯ ಪ್ರಕಾರ, ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ 2 ವರ್ಷದವರೆಗೆ ಸೆರೆ ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಮೊತ್ತವನ್ನು ಮೃತರ ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ.